ಕೇಸು ವಾಪಸಾದ ಮೇಲೆ



ಮೊನ್ನೆ ಜುಲೈ 21ಕ್ಕೆ ಎಂದಿನಂತೆ ನವಲಗುಂದದ ರೈತ ಹುತಾತ್ಮರ ವೀರಗಲ್ಲಿಗೆ ಹಾರ ಬಿದ್ದವು. ಎಲ್ಲ ಪಕ್ಷದವರೂ ಬಂದು ಕೈ ಮುಗಿದು ಹೋದರು. 1980ರ ಗೋಲಿಬಾರಿನ ಹೊತ್ತಿಗೆ ರಾಜ್ಯ ಆಳುತ್ತಿದ್ದ ಪಕ್ಷದವರೂ ಬರುತ್ತಾರೆ, 2008ರಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದಾಗ ಆಳುತ್ತಿದ್ದ ಪಕ್ಷದವರೂ ಬರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಸತ್ತವರಿಗೆ ಯಾರು ಕೈ ಮುಗಿದರೂ ಒಳ್ಳೆಯದೇ. ಈ ವರ್ಷದ ಈ ದತ್ತಿ ಉಪನ್ಯಾಸಕ್ಕೆ ಸಂಘಟಕರು ನನಗೆ ‘ಮಾನವ ಹಕ್ಕು ಮತ್ತು ಸರಕಾರದ ಹೊಣೆ’ ಎಂಬ ವಿಷಯ ಕೊಟ್ಟಿದ್ದಾರೆ. ದೊಡ್ಡ ವಿಷಯ. ಜಿನೀವಾದಿಂದ ಸುರು ಮಾಡಬಹುದಿತ್ತು. ನಾನು ಅಳಗವಾಡಿಯಿಂದ ಸುರು ಮಾಡುತ್ತೇನೆ. ವಕೀಲಿ ಮಾಡಿ ಬದುಕಿದವನು ನಾನು, ಭಾಷಣಕ್ಕಿಂತ ಕಾಗದದ ಮೇಲೆ ನನಗೆ ನಂಬಿಕೆ ಹೆಚ್ಚು. ಆದ್ದರಿಂದ ಇವತ್ತಿನ ಮಾತೆಲ್ಲ ಕಾಗದದ ಸುತ್ತಲೇ ತಿರುಗುತ್ತದೆ, ಬೇಸರ ಮಾಡಿಕೊಳ್ಳಬಾರದು.

ನನ್ನ ಮಾತು ಇಷ್ಟೇ. ಈ ಭಾಗದ ರೈತರು ಸರಕಾರವನ್ನು ಮಣಿಸಿದ್ದಾರೆ, ಕರ ನಿಲ್ಲಿಸಿದ್ದಾರೆ, ಮುಖ್ಯಮಂತ್ರಿಗಳ ಕುರ್ಚಿ ಅಲುಗಾಡಿಸಿದ್ದಾರೆ. ಆದರೆ ತಮ್ಮ ಮೈಮೇಲೆ ಬಿದ್ದ ಪೆಟ್ಟಿಗೆ ಸರಕಾರ ಕಟಕಟೆಯಲ್ಲಿ ನಿಂತು ಉತ್ತರ ಕೊಡುವ ಹಾಗೆ ಮಾಡಿಲ್ಲ. ಪ್ರತಿ ಸಲ ನಾವು ನಮ್ಮ ಮೇಲಿನ ಕೇಸು ವಾಪಸ್ ತೆಗೆಸಿಕೊಂಡು ಮನೆಗೆ ಬಂದಿದ್ದೇವೆ. ಆ ಕೇಸಿನ ಜೊತೆಗೆ ಇನ್ನೇನು ವಾಪಸಾಯಿತು ಎಂಬುದನ್ನು ನೋಡಿಲ್ಲ.

1980ರ ಕಥೆ ಇಲ್ಲಿ ಕುಳಿತ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತು. ಹುಡುಗರಿಗಾಗಿ ಎರಡು ಮಾತು. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಆಯಿತು, ಎಪ್ಪತ್ತರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟರು. ಎರಿ ಹೊಲದಲ್ಲಿ ಜೋಳ, ಕಡಲೆ ಬಿಟ್ಟು ಹೈಬ್ರಿಡ್ ಹತ್ತಿ ಬಂತು. ಧಾರವಾಡದಲ್ಲೇ ಹುಟ್ಟಿದ ವರಲಕ್ಷ್ಮಿ ತಳಿ ಅದು. ಬೀಜ, ಗೊಬ್ಬರ, ಎಣ್ಣೆ ಎಲ್ಲ ಸಾಲದಲ್ಲಿ. ಹತ್ತಿಯ ಬೆಲೆ ಬಿದ್ದಾಗ ಸಾಲ ಹಾಗೇ ಉಳಿಯಿತು. ಅದರ ಮೇಲೆ ಅಭಿವೃದ್ಧಿ ಕರದ ನೋಟೀಸು, ಜನರ ಬಾಯಲ್ಲಿ ಬೆಟರ್‌ಮೆಂಟ್ ಲೆವಿ. ನೀರಾವರಿಯಿಂದ ಹೊಲದ ಬೆಲೆ ಏರಿದೆ, ಆ ಏರಿಕೆಯಲ್ಲಿ ಸರಕಾರಕ್ಕೂ ಪಾಲು ಕೊಡಿ ಎಂಬುದು ಅದರ ತರ್ಕ. ಕಾಲುವೆಯ ಕೊನೆಗಿದ್ದು ಒಂದು ಹನಿ ನೀರು ಕಾಣದ ಹೊಲಕ್ಕೂ ನೋಟೀಸು ಬಂತು, ನೀರು ನಿಂತು ಸವಳಾದ ಹೊಲಕ್ಕೂ ಬಂತು. ನವಲಗುಂದ, ನರಗುಂದ, ಸವದತ್ತಿ ಮೂರೂ ತಾಲೂಕಿನವರು ಸೇರಿ ಮಲಪ್ರಭಾ ನೀರಾವರಿ ಪ್ರದೇಶ ರೈತ ಸಮನ್ವಯ ಸಮಿತಿ ಕಟ್ಟಿದರು. ಆಗ ನರಗುಂದವೂ ನಮ್ಮ ಜಿಲ್ಲೆಯಲ್ಲೇ ಇತ್ತು. ಗದಗ, ಹಾವೇರಿ ಬೇರೆಯಾದದ್ದು 1997ರಲ್ಲಿ.

ಜುಲೈ 21ರಂದು ಬಂದ್. ತಹಸೀಲ್ದಾರ ಕಚೇರಿ ಮುಂದೆ ಜನ. ಸಂಜೆಯೊಳಗೆ ಅಳಗವಾಡಿಯ ಬಸಪ್ಪ ಲಕ್ಕುಂಡಿ ನವಲಗುಂದದಲ್ಲಿ, ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ನರಗುಂದದಲ್ಲಿ ಪೊಲೀಸರ ಗುಂಡಿಗೆ ಬಲಿಯಾಗಿದ್ದರು. ನರಗುಂದದಲ್ಲಿ ಸಿಟ್ಟಿಗೆದ್ದ ಗುಂಪಿನ ಕೈಯಲ್ಲಿ ಪೊಲೀಸರೂ ಸತ್ತರು. ಇದನ್ನು ನಮ್ಮ ಸಭೆಗಳಲ್ಲಿ ಹೇಳುವುದಿಲ್ಲ. ಹೇಳಬೇಕು. ಆ ಪೇದೆಗಳ ಮನೆಯಲ್ಲೂ ಅವತ್ತು ಒಲೆ ಹೊತ್ತಿರಲಿಕ್ಕಿಲ್ಲ. ಒಂದು ಸಾವಿಗೆ ಲೆಕ್ಕ ಕೇಳುವವನು ಇನ್ನೊಂದು ಸಾವಿನ ಲೆಕ್ಕ ಮುಚ್ಚಿಟ್ಟರೆ ಸರಕಾರಿ ವಕೀಲ ಅದನ್ನೇ ಮೊದಲು ಎತ್ತಿಕೊಳ್ಳುತ್ತಾನೆ.

ಆಮೇಲಿನದು ರಾಜಕೀಯ ಇತಿಹಾಸ. ಗುಂಡೂರಾವ್ ಸರಕಾರ ಕರದ ವಿಷಯದಲ್ಲಿ ಹಿಂದೆ ಸರಿಯಿತು. ಚಳವಳಿ ಶಿವಮೊಗ್ಗದವರೆಗೆ ಹಬ್ಬಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1981ರ ಆರಂಭದಲ್ಲಿ ವಿರೋಧ ಪಕ್ಷಗಳು ನರಗುಂದದಿಂದ ಬೆಂಗಳೂರಿಗೆ ಪಾದಯಾತ್ರೆ ಹೋದವು. 1983ರಲ್ಲಿ ಕಾಂಗ್ರೆಸ್ ಈ ರಾಜ್ಯದಲ್ಲಿ ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು. ಎರಡು ಹಳ್ಳಿಯ ಇಬ್ಬರು ಹುಡುಗರ ಸಾವಿಗೆ ಒಂದು ಸರಕಾರ ಬಿತ್ತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬಿತ್ತು, ನಿಜ. ಆದರೆ ಸರಕಾರ ಬಿದ್ದರೆ ಮಂತ್ರಿ ಮನೆಗೆ ಹೋಗುತ್ತಾನೆ. ಗುಂಡು ಹಾರಿಸಲು ಹೇಳಿದ ಅಧಿಕಾರಿ ಬಡ್ತಿಗೆ ಕಾಯುತ್ತ ಮುಂದಿನ ಸರಕಾರದಲ್ಲೂ ಅಲ್ಲೇ ಇರುತ್ತಾನೆ.

ಗೋಲಿಬಾರಿನ ಕಾನೂನು ಹೇಗಿದೆ ಎಂದು ಸ್ವಲ್ಪ ನೋಡೋಣ. ಅಕ್ರಮ ಕೂಟ ಚದುರಿಸಲು ಆದೇಶ ಕೊಡುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗಿದೆ. ಅಂದರೆ ತಾಲೂಕಿನಲ್ಲಿ ಬಹುಮಟ್ಟಿಗೆ ತಹಸೀಲ್ದಾರರಿಗೆ. ಠಾಣಾಧಿಕಾರಿಗೂ ಇದೆ. ಸಾವಾದರೆ ಮ್ಯಾಜಿಸ್ಟೀರಿಯಲ್ ವಿಚಾರಣೆ ಎನ್ನುತ್ತಾರೆ. ಅದನ್ನು ನಡೆಸುವವರು ಸಾಮಾನ್ಯವಾಗಿ ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ. ತಹಸೀಲ್ದಾರರ ಮೇಲಿನವರೇ ತಹಸೀಲ್ದಾರರ ಆದೇಶ ಸರಿಯಿತ್ತೋ ಎಂದು ನೋಡುತ್ತಾರೆ. ಜಗಳ ಜೋರಾದರೆ 1952ರ ವಿಚಾರಣಾ ಆಯೋಗಗಳ ಕಾಯ್ದೆ ಕೆಳಗೆ ನಿವೃತ್ತ ನ್ಯಾಯಮೂರ್ತಿ ಬರುತ್ತಾರೆ. ಆ ಕಾಯ್ದೆಯ ಪ್ರಕಾರ ವರದಿ ಕೈಸೇರಿದ ಆರು ತಿಂಗಳೊಳಗೆ, ಏನು ಕ್ರಮ ಕೈಗೊಂಡೆವು ಎಂಬ ಟಿಪ್ಪಣಿ ಸಮೇತ ಅದನ್ನು ಸದನದಲ್ಲಿ ಇಡಬೇಕು. ಆದರೆ ವರದಿಯನ್ನು ಒಪ್ಪಲೇಬೇಕು ಎಂದು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಈಗ ಯಮನೂರಿಗೆ ಬರೋಣ. ಬೆಣ್ಣೆಹಳ್ಳದ ದಂಡೆಯ ಊರು, ಚಾಂಗದೇವನ ಜಾತ್ರೆಗೆ ಹಿಂದೂ-ಮುಸಲ್ಮಾನರು ಒಟ್ಟಿಗೆ ಸೇರುವ ಊರು. 2016ರ ಜುಲೈವರೆಗೆ ಯಮನೂರು ಎಂದರೆ ಜಾತ್ರೆಯೇ ನೆನಪಿಗೆ ಬರುತ್ತಿತ್ತು. ಮಹದಾಯಿಯ ನೀರನ್ನು ಮಲಪ್ರಭೆಗೆ ತರುವ ಕಳಸಾ-ಬಂಡೂರಿ ಯೋಜನೆಗಾಗಿ ನರಗುಂದ, ನವಲಗುಂದಗಳಲ್ಲಿ ಅದಾಗಲೇ ವರ್ಷ ದಾಟಿದ ಧರಣಿ ನಡೆದಿತ್ತು. ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರು ಎತ್ತಲು ಕರ್ನಾಟಕ ಕೇಳಿದ್ದ ಮಧ್ಯಂತರ ಅನುಮತಿಯನ್ನು ತಳ್ಳಿಹಾಕಿತು. ಮರುದಿನ ನವಲಗುಂದದಲ್ಲಿ ಸರಕಾರಿ ಕಚೇರಿಗಳ ಮೇಲೆ ಕಲ್ಲು ಬಿದ್ದವು, ಬೆಂಕಿ ಬಿತ್ತು. ಅದು ತಪ್ಪು, ತಪ್ಪಿಗೆ ಕಾನೂನಿದೆ. ಆದರೆ ಆಮೇಲೆ ಯಮನೂರಿನಲ್ಲಿ ನಡೆದದ್ದು ಕಾನೂನಿನ ಯಾವ ಪುಸ್ತಕದಲ್ಲೂ ಇಲ್ಲ. ಪೊಲೀಸರು ಮನೆ ಮನೆ ಹೊಕ್ಕರು. ಬಾಗಿಲು ಮುರಿದರು. ವಯಸ್ಸಾದವರನ್ನು, ಹೆಂಗಸರನ್ನು ಬಡಿದರು. ಟಿವಿಯಲ್ಲಿ ರಾಜ್ಯವೆಲ್ಲ ನೋಡಿತು. ಹೊಲದಲ್ಲಿ ಹೆಸರು ಕಾಯಿ ಕಟ್ಟುವ ಹೊತ್ತು ಅದು. ಗಂಡಸರು ಊರು ಬಿಟ್ಟರು. ನೂರಕ್ಕೂ ಹೆಚ್ಚು ಜನರನ್ನು ಹಿಡಿದು ಬಳ್ಳಾರಿ, ಚಿತ್ರದುರ್ಗದ ಜೈಲುಗಳಿಗೆ ಒಯ್ದರು. ಜಾಮೀನಿಗಾಗಿ ಮನೆಯವರು ಊರಿಂದೂರಿಗೆ ಅಲೆದರು. ಕೂಗು ಎದ್ದ ಮೇಲೆ ಕೆಲವು ಪೊಲೀಸರು ಅಮಾನತಾದರು, ಮೇಲಧಿಕಾರಿಯೊಬ್ಬರಿಂದ ವಿಚಾರಣೆ ಆಯಿತು.

ಅಮಾನತು ಶಿಕ್ಷೆ ಅಲ್ಲ ಎಂಬುದನ್ನು ಸರಕಾರಿ ನೌಕರಿ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಧ ಸಂಬಳ, ಕೆಲವು ತಿಂಗಳು, ವಾಪಸ್ ಬಂದ ಮೇಲೆ ಬಾಕಿ ಸಂಬಳವೂ ಸಿಗಬಹುದು.

ಇಲ್ಲಿ ನಾನು ಬೇರೆಯೊಂದು ಕಾಗದದ ಬಗ್ಗೆ ಹೇಳಬೇಕು. ಯಮನೂರಿನದಲ್ಲ, ಇದೇ ಜಿಲ್ಲೆಯ ಇನ್ನೊಂದು ಊರಿನದು, ಆಸ್ಪತ್ರೆಯ ಹೆಸರೂ ಬೇಡ. ಠಾಣೆಯಿಂದ ಬಿಟ್ಟ ಒಬ್ಬ ಅಜ್ಜನನ್ನು ಆಸ್ಪತ್ರೆಗೆ ಕರೆತಂದಿದ್ದರು. ಕರೆತಂದ ಪೇದೆ ಬಾಗಿಲಲ್ಲೇ ನಿಂತಿದ್ದ. ವೈದ್ಯರು ಕೇಳಿದರು, “ಹ್ಯಾಂಗಾತ್ರಿ ಅಜ್ಜಾರ?” ಅಜ್ಜ ಬಾಗಿಲ ಕಡೆ ನೋಡಿ, “ಎತ್ತು ಹಾದೈತ್ರಿ ಸಾಹೇಬ್ರ” ಎಂದ. ವೈದ್ಯರು ಹಾಗೇ ಬರೆದುಕೊಂಡರು. ಗಾಯದ ಪ್ರಮಾಣಪತ್ರ ನನ್ನ ಕೈಗೆ ಬಂದಾಗ ಕಾರಣದ ಕಾಲಮ್ಮಿನಲ್ಲಿ ಎತ್ತು ಇತ್ತು. ಅದರ ಕೆಳಗೆ, ಅದೇ ಕೈಬರಹದಲ್ಲಿ, ಬೆನ್ನ ಮೇಲೆ ಜೋಡಿ ಜೋಡಿಯಾಗಿ ಕೆಂಪು ಗೆರೆಗಳು, ನಡುವೆ ಚರ್ಮ ಬಿಳಿಚಿದೆ ಎಂದೂ ಇತ್ತು. ಲಾಠಿಯ ಪೆಟ್ಟು ಹಾಗೇ ಬೀಳುತ್ತದೆ. ದುಂಡನೆಯ ಕೋಲು ತಾಗಿದ ಜಾಗದಲ್ಲಿ ರಕ್ತ ಎರಡೂ ಪಕ್ಕಕ್ಕೆ ಸರಿದು ರೈಲಿನ ಹಳಿಯ ಹಾಗೆ ಎರಡು ಗೆರೆ ಮೂಡುತ್ತವೆ. ಕೊಂಬಿನಿಂದ ಅಂಥ ಗುರುತು ಬೀಳುವುದಿಲ್ಲ. ಆ ವೈದ್ಯರು ಹೆದರುಪುಕ್ಕಲರಾಗಿದ್ದರೋ ಜಾಣರಾಗಿದ್ದರೋ ನನಗೆ ಇವತ್ತಿಗೂ ತಿಳಿದಿಲ್ಲ. ಕಾರಣ ಸುಳ್ಳು ಬರೆದರು, ಗಾಯವನ್ನು ಮಾತ್ರ ಇದ್ದಂತೆ ಬರೆದರು. ಆ ಎರಡು ಸಾಲಿನ ಮೇಲೆ ಒಂದು ಖಟ್ಲೆ ನಿಲ್ಲುತ್ತಿತ್ತು. ಅಜ್ಜನ ಮನೆಯವರು ಬೇಡ ಎಂದರು. ಮಗನ ಮೇಲಿದ್ದ ಕೇಸು ತೆಗೆಯುತ್ತೇವೆ ಎಂದು ಯಾರೋ ಹೇಳಿದ್ದರಂತೆ.

ಆ ಸಣ್ಣ ಮನೆಯಲ್ಲಿ ಆದದ್ದೇ ದೊಡ್ಡ ಪ್ರಮಾಣದಲ್ಲಿ ಊರೂರಿಗೆ ಆಗುತ್ತದೆ. ಗಲಾಟೆ ಆದ ಮೇಲೆ ಪೊಲೀಸರು ಸಿಕ್ಕವರ ಮೇಲೆಲ್ಲ ಕೇಸು ಹಾಕುತ್ತಾರೆ: ಕೊಲೆ ಯತ್ನ, ಸಾರ್ವಜನಿಕ ಆಸ್ತಿ ನಾಶ, ಕರ್ತವ್ಯಕ್ಕೆ ಅಡ್ಡಿ. ಅಲ್ಲಿಂದ ಮುಂದೆ ಹೋರಾಟದ ದಿಕ್ಕೇ ಬದಲಾಗುತ್ತದೆ. ಪೆಟ್ಟು ತಿಂದ ಊರು ಆರೋಪಿಗಳ ಊರಾಗುತ್ತದೆ. ಧರಣಿಯ ಬೇಡಿಕೆ ಪಟ್ಟಿಯಲ್ಲಿ ‘ರೈತರ ಮೇಲಿನ ಕೇಸು ಬೇಷರತ್ ವಾಪಸ್’ ಎಂಬುದು ಮೇಲಕ್ಕೇರಿ ಕೂಡುತ್ತದೆ. ಮಂತ್ರಿಗಳು ಮಾತು ಕೊಡುತ್ತಾರೆ, ಸಚಿವ ಸಂಪುಟದ ಮುಂದೆ ಕಡತ ಹೋಗುತ್ತದೆ. ಒಂದು ದಿನ ಕೇಸು ವಾಪಸಾಗುತ್ತದೆ, ಪಟಾಕಿ ಹಾರುತ್ತದೆ. ಆ ಕೇಸು ಕೋರ್ಟಿನಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ತನಿಖಾಧಿಕಾರಿ ಸಾಕ್ಷಿ ಕಟ್ಟೆ ಹತ್ತಬೇಕಾಗುತ್ತಿತ್ತು. ಯಾವ ಮನೆಗೆ ಎಷ್ಟು ಹೊತ್ತಿಗೆ ಹೋದಿರಿ, ಯಾರ ಆದೇಶ, ಠಾಣೆಯ ದಿನಚರಿಯಲ್ಲಿ ಯಾಕೆ ಬರೆದಿಲ್ಲ ಎಂದು ನಮ್ಮ ವಕೀಲರು ಪಾಟಿಸವಾಲು ಮಾಡುತ್ತಿದ್ದರು. ಆಣೆ ಮಾಡಿ ಹೇಳಿದ ಆ ಮಾತು ಕೋರ್ಟಿನ ಕಡತದಲ್ಲಿ ಉಳಿಯುತ್ತಿತ್ತು. ಕೇಸು ವಾಪಸಾದ ದಿನ ಅದೂ ಹೋಯಿತು.

ರೈತರನ್ನು ನಾನು ದೂರುತ್ತಿಲ್ಲ. ತಿಂಗಳಿಗೊಂದು ವಾಯಿದೆಗೆ ಕೆಲಸ ಬಿಟ್ಟು ಕೋರ್ಟಿಗೆ ಅಲೆಯುವ ಕಷ್ಟ ನನಗೆ ಗೊತ್ತು, ಆ ಅಲೆದಾಟದಿಂದಲೇ ನಮ್ಮ ಕಸುಬಿನವರ ಹೊಟ್ಟೆ ತುಂಬಿದೆ. ಆದರೆ ವ್ಯಾಪಾರ ಹೇಗೆ ಕುದುರಿತು ನೋಡಿ. ಸರಕಾರ ತಾನೇ ಹಾಕಿದ ಕೇಸನ್ನು ತಾನೇ ತೆಗೆದು ಉಪಕಾರ ಮಾಡಿದ ಹಾಗಾಯಿತು, ಆ ಉಪಕಾರಕ್ಕೆ ಬದಲಾಗಿ ತನ್ನ ಮೇಲೆ ಬರಬೇಕಿದ್ದ ಕೇಸು ಬಾರದೇ ಹೋಯಿತು.

ಬಾರದೇ ಹೋಗಲು ಇನ್ನೊಂದು ಕಾರಣ ಕಾಲ. ಇದು ನಮ್ಮ ವಕೀಲ ಮಿತ್ರರಿಗೂ ಒಮ್ಮೊಮ್ಮೆ ಮರೆತು ಹೋಗುತ್ತದೆ. 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 36ನೇ ಕಲಮಿನ ಪ್ರಕಾರ ಘಟನೆ ನಡೆದು ಒಂದು ವರ್ಷ ಆದ ಮೇಲೆ ಮಾನವ ಹಕ್ಕು ಆಯೋಗ ಆ ವಿಷಯವನ್ನು ವಿಚಾರಣೆಗೆ ಎತ್ತಿಕೊಳ್ಳುವ ಹಾಗಿಲ್ಲ. ಇದು ಒಂದು ಗಡಿಯಾರ. ಎರಡನೆಯದು ನಮ್ಮದೇ ರಾಜ್ಯದ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮು. ಪೊಲೀಸ್ ಅಧಿಕಾರಿ ಕರ್ತವ್ಯದ ಹೆಸರಿನಲ್ಲಿ ಅಥವಾ ಕರ್ತವ್ಯದ ಮಿತಿ ಮೀರಿ ಮಾಡಿದ ಕೆಲಸಕ್ಕೆ ಅವರ ಮೇಲೆ ಖಟ್ಲೆ ಹೂಡಬೇಕಾದರೆ ಸರಕಾರದ ಪೂರ್ವಾನುಮತಿ ಬೇಕು. ವರ್ಷ ದಾಟಿದ ಮೇಲೆ ಹೂಡಿದರೆ ವಜಾ ಆಗುತ್ತದೆ. ಸರಕಾರದ ಅನುಮತಿ ಇದ್ದರೆ ಎರಡು ವರ್ಷದವರೆಗೆ ಅವಕಾಶ. ಈಗ ಸಾಮಾನ್ಯ ಜನರಿಗೆ ಇರುವ ಕಾಲಮಿತಿ ನೋಡಿ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಿರುವ ಅಪರಾಧಕ್ಕೆ ದಂಡ ಪ್ರಕ್ರಿಯೆಯಲ್ಲಿ ಕಾಲಮಿತಿಯೇ ಇಲ್ಲ. ನೀವು ಕೈಯಲ್ಲಿ ಕೋಲು ಹಿಡಿದು ಒಬ್ಬರ ಮನೆ ಹೊಕ್ಕು ಮೂಳೆ ಮುರಿದರೆ ಇಪ್ಪತ್ತು ವರ್ಷದ ಮೇಲೂ ನಿಮ್ಮನ್ನು ಕೋರ್ಟಿಗೆ ಎಳೆಯಬಹುದು. ಖಾಕಿ ತೊಟ್ಟವರು, ಕರ್ತವ್ಯ ಎಂದುಕೊಂಡು, ಅದೇ ಕೆಲಸ ಮಾಡಿದರೆ ವರ್ಷದ ಮೇಲೆ, ಸರಕಾರ ಮನಸ್ಸು ಮಾಡಿದರೂ ಎರಡು ವರ್ಷದ ಮೇಲೆ, ಬಾಗಿಲು ಮುಚ್ಚುತ್ತದೆ.

ಯಮನೂರಿನ ಗಡಿಯಾರ 2017ರ ಜುಲೈಗೆ ನಿಂತಿತು. ಆ ವರ್ಷವೆಲ್ಲ ಊರು ಯಾತಕ್ಕೆ ಓಡಾಡಿತು? ಜಾಮೀನಿಗೆ, ಕೇಸು ವಾಪಸಾತಿಗೆ.

ಪೂರ್ವಾನುಮತಿಯ ವಿಷಯದಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು, ಪ್ರಕರಣ ಕರ್ನಾಟಕದ್ದೇ. ಠಾಣೆಯಲ್ಲಿ ಹೊಡೆದರು ಎಂಬ ದೂರು. ಕರ್ತವ್ಯಕ್ಕೂ ಆ ಕೃತ್ಯಕ್ಕೂ ನ್ಯಾಯವಾದ ನಂಟಿದ್ದರೆ, ಅತಿರೇಕ ಆಗಿದ್ದರೂ, ಅನುಮತಿ ಬೇಕೇ ಬೇಕು ಎಂದು ಹೇಳಿ ಖಟ್ಲೆ ರದ್ದು ಮಾಡಿತು. ಕರ್ತವ್ಯಕ್ಕೆ ಏನೂ ಸಂಬಂಧವಿಲ್ಲದ ಕೃತ್ಯವಾದರೆ ಮಾತ್ರ ಅನುಮತಿ ಬೇಡ. ಪ್ರಾಮಾಣಿಕ ಅಧಿಕಾರಿಯನ್ನು ಸುಳ್ಳು ಕೇಸುಗಳಿಂದ ಕಾಯಬೇಕು ಎಂಬ ಕಾಳಜಿ ಅದರ ಹಿಂದಿದೆ, ಅಲ್ಲಗಳೆಯುವುದಿಲ್ಲ. ಆದರೆ ಅನುಮತಿ ಕೊಡಬೇಕಾದವರು ಯಾರು? ಆ ಅಧಿಕಾರಿಗೆ ಸಂಬಳ ಕೊಡುವ ಸರಕಾರ.

ನಮ್ಮ ಹಿರಿಯರು ಇದಕ್ಕೆ ಬೇರೆ ದಾರಿ ಹಿಡಿದದ್ದುಂಟು, ಧಾರವಾಡದಲ್ಲೇ. 1921ರ ಜುಲೈ 1ರಂದು ಸೆರೆ ಅಂಗಡಿ ಮುಂದೆ ಪಿಕೆಟಿಂಗ್ ನಡೆಸುತ್ತಿದ್ದ ಅಸಹಕಾರ ಮತ್ತು ಖಿಲಾಫತ್ ಕಾರ್ಯಕರ್ತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು. ಜಕ್ಕಣಿ ಬಾವಿಯ ಹತ್ತಿರದ ಸ್ಮಾರಕ ನೀವೆಲ್ಲ ನೋಡಿದ್ದೀರಿ, ಬಸ್ಸಿನಲ್ಲಿ ಹೋಗುವಾಗಲಾದರೂ. ಬ್ರಿಟಿಷ್ ಸರಕಾರ ಗುಂಡು ತಿಂದವರ ಕಡೆಯವರ ಮೇಲೇ ಖಟ್ಲೆ ಹಾಕಿತು. ಆ ಚಾಳಿ ಹಳೆಯದು. ಕಾಂಗ್ರೆಸ್ಸಿನವರು ಅವತ್ತು ಕೇಸು ವಾಪಸ್ ಮಾಡಿ ಎಂದು ಕೈಕಟ್ಟಿ ಕೂಡಲಿಲ್ಲ. ತಮ್ಮದೇ ವಿಚಾರಣಾ ಸಮಿತಿ ಮಾಡಿದರು. ಅಬ್ಬಾಸ್ ತೈಯಬ್‌ಜಿ, ಭವಾನಿಶಂಕರ ನಿಯೋಗಿ, ಸೆಟ್ಲೂರ ಅದರಲ್ಲಿದ್ದರು. ತೈಯಬ್‌ಜಿ ಬರೋಡಾದ ನಿವೃತ್ತ ನ್ಯಾಯಾಧೀಶರು, ಜಲಿಯನ್‌ವಾಲಾ ಬಾಗ್ ಆದ ಮೇಲೆ ಗಾಂಧೀಜಿ ಜೊತೆ ಪಂಜಾಬಿನ ವಿಚಾರಣೆ ಮಾಡಿ ಬಂದವರು. ವರದಿ ಅಚ್ಚಾಯಿತು. ಸರಕಾರ ಅದಕ್ಕೆ ಕಿವಿಗೊಡಲಿಲ್ಲ, ಕೊಡುತ್ತದೆ ಎಂದು ಅವರೂ ಎಣಿಸಿರಲಿಲ್ಲ. ಆದರೂ ನೂರು ವರ್ಷದ ಮೇಲೆ ಆ ದಿನದ ಬಗ್ಗೆ ಬರೆಯುವವರಿಗೆ ಪೊಲೀಸರ ಕಡೆಯ ಮಾತಿನ ಪಕ್ಕದಲ್ಲಿ ಜನರ ಕಡೆಯ ಮಾತೂ ಸಿಗುತ್ತದೆ. 1980ರ ಬಗ್ಗೆ ಬರೆಯುವವರಿಗೆ ಭಾಷಣ ಬೇಕಾದಷ್ಟು ಸಿಗುತ್ತವೆ.

ಇನ್ನು, ಜನರ ಮಾತು ದಾಖಲಾದರೂ ಶಿಕ್ಷೆ ಬಾರದ ಕಥೆಗಾಗಿ ದಕ್ಷಿಣದ ಕಾಡಿನ ಕಡೆ ಹೋಗೋಣ. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆ ಮಲೆ ಮಹದೇಶ್ವರ ಬೆಟ್ಟದ ಸುತ್ತ ವರ್ಷಗಟ್ಟಲೆ ಬೀಡುಬಿಟ್ಟಿತ್ತು. ಕಾಡಂಚಿನ ಬಡವರನ್ನು, ಸೋಲಿಗರನ್ನು ಎಳೆದೊಯ್ದು ಚಿತ್ರಹಿಂಸೆ ಕೊಡುತ್ತಿದ್ದ ಜಾಗಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿದ್ದಿತ್ತು. ಎಷ್ಟೋ ಜನರ ಮೇಲೆ ಭಯೋತ್ಪಾದನೆ ತಡೆಯ ಟಾಡಾ ಕಾಯ್ದೆ ಹಾಕಿ ಮೈಸೂರು ಜೈಲಿನಲ್ಲಿ ಕೂಡಿಟ್ಟರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐನ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿ ನೇಮಿಸಿತು. ಜನ ಬಂದು ತಮಗಾದದ್ದನ್ನು ಸಮಿತಿಯ ಮುಂದೆ ಹೇಳಿಕೊಂಡರು. 2003ರ ಡಿಸೆಂಬರಿನಲ್ಲಿ ವರದಿ ಬಂತು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದಿತು. ಹಣ ಬಂತು. ಶಿಕ್ಷೆ ಬರಲಿಲ್ಲ. 2004ರಲ್ಲಿ ವೀರಪ್ಪನ್ ಸತ್ತಾಗ ಕಾರ್ಯಪಡೆಯವರಿಗೆ ನಗದು, ನಿವೇಶನ, ಬಡ್ತಿ ಬಂದವು. ಸರಕಾರ ಒಂದು ಕೈಯಿಂದ ಬಹುಮಾನ ಕೊಟ್ಟು ಇನ್ನೊಂದು ಕೈಯಿಂದ ಪರಿಹಾರ ಕೊಟ್ಟಿತು. ಎರಡೂ ನಮ್ಮ ತೆರಿಗೆಯ ದುಡ್ಡು.

ಅದೇ ಕಾಡಿನ ಆಚೆ, ಹೊಗೇನಕಲ್ ದಾಟಿದರೆ ಧರ್ಮಪುರಿ ಜಿಲ್ಲೆ. ಅಲ್ಲಿನ ವಾಚಾತಿ ಎಂಬ ಬುಡಕಟ್ಟು ಜನರ ಊರಿನ ಕಥೆ ಬೇರೆ ರೀತಿ ಮುಗಿಯಿತು. ಈ ಉಪನ್ಯಾಸಕ್ಕಾಗಿ ನಾನು ಹೆಚ್ಚು ಓದಿದ್ದು ಅದನ್ನೇ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ನುಗ್ಗಿದರು. ಮನೆ ಕೆಡವಿದರು, ಬಾವಿ ಕೆಡಿಸಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ನಡೆಯಿತು. ನೂರಕ್ಕೂ ಹೆಚ್ಚು ಜನರನ್ನು, ಮಕ್ಕಳನ್ನೂ ಸೇರಿಸಿ, ಕಳ್ಳಸಾಗಣೆ ಆರೋಪದ ಮೇಲೆ ಜೈಲಿಗೆ ಹಾಕಿದರು. ಇಲ್ಲಿಯವರೆಗೆ ಎಲ್ಲ ಕಡೆಯ ಕಥೆಯೇ. ಆದರೆ ಆ ಜನ ತಮ್ಮ ಮೇಲಿನ ಕೇಸಿಗೆ ಬದಲಾಗಿ ಸುಮ್ಮನಾಗಲಿಲ್ಲ. ಬುಡಕಟ್ಟು ಜನರ ಸಂಘ, ಕಮ್ಯುನಿಸ್ಟ್ ಪಕ್ಷ ಬೆನ್ನಿಗೆ ನಿಂತವು. ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಆರೋಪಿಗಳು 269 ಜನ, ಎಲ್ಲರೂ ಸರಕಾರಿ ನೌಕರರು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ಸೆಷನ್ಸ್ ಕೋರ್ಟ್ ತೀರ್ಪು ಕೊಡುವಾಗ 54 ಜನ ತೀರಿಕೊಂಡಿದ್ದರು, ಉಳಿದ 215 ಮಂದಿಗೂ ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿ ಹಿಡಿದು, ಅತ್ಯಾಚಾರಕ್ಕೊಳಗಾದ ಹೆಣ್ಣುಮಕ್ಕಳಿಗೆ ತಲಾ 10 ಲಕ್ಷ ಪರಿಹಾರ ಕೊಡಬೇಕು, ಅದರಲ್ಲಿ ಅರ್ಧವನ್ನು ಆ ಅಪರಾಧ ಎಸಗಿದವರಿಂದಲೇ ವಸೂಲು ಮಾಡಬೇಕು ಎಂದಿತು. ಮೊದಲ ತೀರ್ಪಿಗೇ ಹತ್ತೊಂಬತ್ತು ವರ್ಷ. ಆ ಹೆಣ್ಣುಮಕ್ಕಳು ಮದುವೆಯಾಗಿ, ಮಕ್ಕಳಾಗಿ, ಆಮೇಲೂ ಸಾಕ್ಷಿ ಹೇಳಲು ಬಂದರು.

ಪರಿಹಾರದ ಬಗ್ಗೆ ಒಂದು ಮಾತು ಇಲ್ಲೇ ಹೇಳುತ್ತೇನೆ, ಯಾಕೆಂದರೆ ಮೊದಲು ಅದೂ ಇರಲಿಲ್ಲ. ಮೀರತ್‌ನಲ್ಲಿ ಕಸ್ತೂರಿಲಾಲ್ ಹೆಸರಿನ ಚಿನ್ನದ ವ್ಯಾಪಾರಿ ಸಂಸ್ಥೆಯ ಬಂಗಾರವನ್ನು ಪೊಲೀಸರು ಜಪ್ತಿ ಮಾಡಿ ಠಾಣೆಯ ಮಾಲಖಾನೆಯಲ್ಲಿಟ್ಟರು. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದ. ಸಂಸ್ಥೆಯವರು ಸರಕಾರದ ಮೇಲೆ ದಾವೆ ಹಾಕಿದರು. ಸುಪ್ರೀಂ ಕೋರ್ಟ್ 1964ರಲ್ಲಿ, ಸಾರ್ವಭೌಮ ಅಧಿಕಾರ ಚಲಾಯಿಸುವಾಗ ಆದ ತಪ್ಪಿಗೆ ಸರಕಾರ ಹೊಣೆಯಲ್ಲ ಎಂದಿತು. ರಾಜನ ಆಳು ಕದ್ದರೆ ರಾಜ ಕಳ್ಳನಲ್ಲ! ಆ ಗೋಡೆ ಬಿರುಕು ಬಿಟ್ಟದ್ದು 1983ರಲ್ಲಿ, ಬಿಡುಗಡೆ ಆದೇಶ ಆದ ಮೇಲೂ ಹದಿನಾಲ್ಕು ವರ್ಷ ಬಿಹಾರದ ಜೈಲಿನಲ್ಲಿದ್ದ ರುದುಲ್ ಸಾಹ ಪ್ರಕರಣದಲ್ಲಿ. ಹತ್ತು ವರ್ಷದ ಮೇಲೆ ಒಡಿಶಾದ ನೀಲಬತಿ ಬೆಹೆರಾ. ಪೊಲೀಸರು ಒಯ್ದ ಅವಳ ಮಗನ ಹೆಣ ಮರುದಿನ ರೈಲು ಹಳಿಯ ಮೇಲೆ ಸಿಕ್ಕಿತು. ಆ ತಾಯಿ ವಕೀಲರನ್ನು ಇಡಲಿಲ್ಲ, ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ಅದನ್ನೇ ರಿಟ್ ಅರ್ಜಿ ಎಂದು ಎತ್ತಿಕೊಂಡು, ಮೂಲಭೂತ ಹಕ್ಕು ಮುರಿದಾಗ ಸಾರ್ವಭೌಮತ್ವದ ನೆಪ ನಡೆಯದು ಎಂದು ಹೇಳಿ ಒಂದೂವರೆ ಲಕ್ಷ ಪರಿಹಾರ ಕೊಡಿಸಿದರು. ಬಂಧನದ ವೇಳೆ ಪೊಲೀಸರು ಪಾಲಿಸಬೇಕಾದ ನಿಯಮ ಹಾಕಿಕೊಟ್ಟ 1996ರ ಡಿ.ಕೆ. ಬಸು ತೀರ್ಪು ಸುರುವಾದದ್ದೂ ಒಂದು ಪತ್ರದಿಂದಲೇ. ಪತ್ರ ಬರೆದರೆ ಏನಾಗುತ್ತದೆ ಎನ್ನುವವರಿಗೆ ಇದನ್ನು ಹೇಳಿ.

ಹಾಗಾದರೆ ನಾವು ಏನು ಮಾಡಬೇಕು ಎಂದು ಆಗಲೇ ಮುಂದಿನ ಸಾಲಿನ ತಮ್ಮನೊಬ್ಬ ಚೀಟಿ ಕಳಿಸಿದ್ದಾನೆ. ಪೆಟ್ಟು ಬಿದ್ದ ದಿನವೇ ಸರಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾಗುವ ವೈದ್ಯಕೀಯ ದಾಖಲೆ, ಮಾಡಿಸಬೇಕು. ಕಾರಣ ಹೇಳಲು ಹೆದರಿಕೆಯಾದರೆ ಕಾರಣ ಬಿಡಿ, ಗಾಯವನ್ನು ಪೂರ್ತಿ ತೋರಿಸಿ, ಮೈಯೆಲ್ಲ. ಮನೆಯವರನ್ನು ಎಲ್ಲಿಗೆ ಒಯ್ದರು ಎಂದು ತಿಳಿಯದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 30 ದಿನವಲ್ಲ, 48 ಗಂಟೆಯೊಳಗೆ ಉತ್ತರ ಕೊಡಬೇಕು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ದೃಶ್ಯಗಳನ್ನು 18 ತಿಂಗಳು, ಕಡಿಮೆ ಎಂದರೂ ಒಂದು ವರ್ಷ ಇಡಬೇಕು ಎಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೃಶ್ಯ ಅಳಿಸದಂತೆ ಮೊದಲ ವಾರವೇ ಬರೆದು ಕೊಡಿ. ರಾಜ್ಯ ಮಾನವ ಹಕ್ಕು ಆಯೋಗಕ್ಕೆ ದೂರು ಕಳಿಸಲು ಶುಲ್ಕವಿಲ್ಲ, ವಕೀಲರೂ ಬೇಡ. ಕಲಘಟಗಿಯವರು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಅಂಚೆ ಸಾಕು. ಆಯೋಗದ ಶಿಫಾರಸು ಬರಿ ಶಿಫಾರಸು ಎಂದು ಅಧಿಕಾರಿಗಳು ಹಗುರ ಮಾಡುತ್ತಾರೆ. ಅದು ಸರಕಾರವನ್ನು ಕಟ್ಟಿಹಾಕುತ್ತದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ, ನಮ್ಮ ವಕೀಲರು ಅದನ್ನು ಇಲ್ಲಿಯೂ ಮುಂದಿಟ್ಟು ವಾದಿಸಬೇಕು. ಮಾನವ ಹಕ್ಕುಗಳ ರಕ್ಷಣಾ ಕಾಯ್ದೆಯ 30ನೇ ಕಲಮು ಜಿಲ್ಲೆಗೊಂದು ಮಾನವ ಹಕ್ಕು ನ್ಯಾಯಾಲಯದ ಮಾತನ್ನೂ ಆಡುತ್ತದೆ, ಸೆಷನ್ಸ್ ಕೋರ್ಟಿಗೇ ಆ ಫಲಕ. ಅದು ಯಾವ ಅಪರಾಧ ನೋಡಬೇಕು, ಹೇಗೆ ನೋಡಬೇಕು ಎಂದು ಕಾಯ್ದೆ ಬಾಯಿ ಬಿಡುವುದಿಲ್ಲ.

ಕೇಸು ವಾಪಸಾತಿಯ ಕಾನೂನೂ ಈಗ ಮೊದಲಿನಂತಿಲ್ಲ. ಸರಕಾರ ಆದೇಶ ಮಾಡಿದರೆ ಕೇಸು ಹೋಗುವುದಿಲ್ಲ. ಸರಕಾರಿ ಅಭಿಯೋಜಕರು ತಮ್ಮ ವಿವೇಚನೆಯಿಂದ ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮಿನಲ್ಲಿ ನೊಂದವರ ಮಾತು ಕೇಳದೆ ವಾಪಸಾತಿಗೆ ಒಪ್ಪಿಗೆ ಇಲ್ಲ ಎಂದೂ ಸೇರಿಸಿದ್ದಾರೆ. 2024ರ ಅಕ್ಟೋಬರಿನಲ್ಲಿ ರಾಜ್ಯ ಸರಕಾರ ಹಳೇ ಹುಬ್ಬಳ್ಳಿ ಠಾಣೆಯ ಗಲಭೆ ಸೇರಿ 43 ಪ್ರಕರಣ ಹಿಂಪಡೆಯಲು ಹೊರಡಿಸಿದ ಆದೇಶವನ್ನು ಹೈಕೋರ್ಟ್ 2025ರ ಮೇನಲ್ಲಿ ರದ್ದುಪಡಿಸಿತು. ಇನ್ನು ಮುಂದೆ ಮಂತ್ರಿಗಳು ಧರಣಿಯ ಪೆಂಡಾಲಿಗೆ ಬಂದು ಕೊಡುವ ಮಾತಿಗೆ ಮೊದಲಿನ ಬೆಲೆ ಇಲ್ಲ. ಅವರಿಗೆ ಕೊಡಲು ಆಗದ ವಸ್ತುವಿಗಾಗಿ ನಾವು ನಮ್ಮ ದೂರನ್ನು ಬಿಟ್ಟುಕೊಡಬೇಕೇ?

ಕೊನೆಯದಾಗಿ 170ನೇ ಕಲಮಿಗೇ ಬರುತ್ತೇನೆ. ಭಾರತ ಚಿತ್ರಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿ ಇವತ್ತಿಗೂ ಅದನ್ನು ಅನುಮೋದಿಸಿಲ್ಲ. ಅದು ದಿಲ್ಲಿಯ ಕೆಲಸ, ನಮ್ಮ ಕೈಗೆ ಸಿಗದು. ಕರ್ನಾಟಕ ಪೊಲೀಸ್ ಕಾಯ್ದೆ ಹಾಗಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ, ಆ ಕಾಯ್ದೆಯನ್ನು ಮಾಡಿದ್ದು ನಮ್ಮದೇ ವಿಧಾನಮಂಡಲ. ಧಾರವಾಡ ಜಿಲ್ಲೆಯಿಂದ 7 ಜನ ಶಾಸಕರು ಅಲ್ಲಿ ಕೂಡುತ್ತಾರೆ. ನವಲಗುಂದ-ಅಣ್ಣಿಗೇರಿಗೆ ಒಬ್ಬರು, ಕುಂದಗೋಳಕ್ಕೆ ಒಬ್ಬರು, ಕಲಘಟಗಿಗೆ ಒಬ್ಬರು. ಮುಂದಿನ ಜುಲೈಗೆ ಹಾರ ಹಿಡಿದು ಬಂದಾಗ ಅವರ ಕೈಗೆ ಒಂದು ಹಾಳೆ ಕೊಡಿ. ಅದರಲ್ಲಿ ಎರಡೇ ಪ್ರಶ್ನೆ ಇರಲಿ. ಮನೆ ಹೊಕ್ಕು ಬಡಿದ ಪೊಲೀಸರ ಮೇಲೆ ಖಟ್ಲೆ ಹೂಡಲು ಒಂದೇ ವರ್ಷ ಯಾಕೆ? ಅನುಮತಿಯ ಅರ್ಜಿ ಬಂದರೆ ಇಷ್ಟು ದಿನದೊಳಗೆ, ಕಾರಣ ಬರೆದು, ಕೊಡಬೇಕು ಅಥವಾ ನಿರಾಕರಿಸಬೇಕು ಎಂದು ತಿದ್ದುಪಡಿ ತರಲು ನಿಮಗೆ ಏನು ಅಡ್ಡಿ? ಉತ್ತರವನ್ನು ಬಾಯಿಮಾತಿನಲ್ಲಿ ತೆಗೆದುಕೊಳ್ಳಬೇಡಿ, ಹಾಳೆಯ ಕೆಳಗೆ ಬರೆಸಿಕೊಂಡು ಸಹಿ, ತಾರೀಖು ಹಾಕಿಸಿ. ಅದರ ಒಂದು ಪ್ರತಿಯನ್ನು ಈ ದತ್ತಿಯ ಕಡತಕ್ಕೆ ಹಚ್ಚಿರಿ.